ಉಪದೇಶಿಯಾರರ ಶುಕ್ರವಾರ

ತೇವಾರಂ ಊರಿನ ಚರ್ಚಿನ ಉಪದೇಶಿಯಾರರಿಗೆ ಪಾದ್ರಿಯ ಪಟ್ಟವಿರಲಿಲ್ಲ, ಪಾದ್ರಿಯ ಕೆಲಸವೆಲ್ಲ ಇತ್ತು. ಸೋಮವಾರ ಮನೆಪ್ರಾರ್ಥನೆ, ಬುಧವಾರ ಪೆರಿಯಕುಳಂ ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ, ಶುಕ್ರವಾರ ಉಪವಾಸ, ಭಾನುವಾರ ಪ್ರಸಂಗ. ನಡುವೆ ಸ್ವಂತ ಬದನೆ ತೋಟ. ಆದರೂ ಚರ್ಚಿಗೆ ಸೇರದ ನಮ್ಮ ಮನೆಗೂ ಬಂದು, "ಒಂದು ನಿಮಿಷ ಕೂತು ಹೋಗ್ತೀನಿ" ಎಂದು ಗಂಟೆಗಟ್ಟಲೆ ಕೂರುತ್ತಿದ್ದರು.

ಜ್ವರ ಬಿಟ್ಟ ಮೇಲೂ ನನ್ನ ಅವ್ವ ಅನ್ನ ಮುಟ್ಟದೆ ಸೊರಗುತ್ತಿದ್ದಳು. ಹೆತ್ತ ಮಗನಾದ ನಾನು ಬೇಡಿದೆ, ಗದರಿದೆ, ಸೋತೆ. ಆ ಶುಕ್ರವಾರ ಸಂಜೆ ಉಪದೇಶಿಯಾರ್ ಅವಳ ಮಂಚದ ಬಳಿ ಕೂತರು.

"ಅವ್ವಾ, ಬೆಳಗಿಂದ ಉಪವಾಸ. ಒಬ್ನೇ ಉಂಡ್ರೆ ಸೇರಲ್ಲ."

ಅತಿಥಿಗೆ ಒಂಟಿಯಾಗಿ ಉಣಬಡಿಸಿದ ಅಪಕೀರ್ತಿ ನಮ್ಮ ಕುಲಕ್ಕಿಲ್ಲ. ಅವ್ವ ಎದ್ದು ಕೂತು, ಅವರ ಜೊತೆ ಎರಡು ಸಲ ಗಂಜಿ ಹಾಕಿಸಿಕೊಂಡಳು. ಹೊಟ್ಟೆ ತುಂಬಿದ್ದು ಅವರಿಬ್ಬರಿಗೆ, ಉರಿದದ್ದು ನನಗೆ.

ಶನಿವಾರ ನಾನೂ ಅವಳ ಮುಂದೆ ಕೂತು, ಗಂಭೀರವಾಗಿ ಉಪವಾಸ ಘೋಷಿಸಿದೆ.

"ಮೀಸೆ ಮೇಲೆ ಚಟ್ನಿ ಅದೆ, ಒರೆಸ್ಕೊ" ಎಂದು ಅವ್ವ ಗೋಡೆಗೆ ತಿರುಗಿದಳು.

ಗಂಜಿ ಆರುತ್ತಿತ್ತು. ಹಲ್ಲು ಕಚ್ಚಿಕೊಂಡು ಉಪದೇಶಿಯಾರರಿಗೆ ಫೋನು ಮಾಡಿದೆ: "ಅಯ್ಯಾ, ಇವತ್ತೂ ಒಂದು ಉಪವಾಸ ಇರಾಕಾಯ್ತದಾ?"