ಒಟವಾಲೊ ಸಂತೆಯಲ್ಲಿ ಎಳ್ಳು ಹುಡುಕಿದ್ದು

ಎಳ್ಳಿನ ಡಬ್ಬಿ ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲೇ ಉಳಿದಿದೆ ಎಂದು ಅಪ್ಪನಿಗೆ ನೆನಪಾದಾಗ ನಾವು ಇಕ್ವೆಡಾರ್ ದೇಶದ ಬೆಟ್ಟಗಳ ನಡುವೆ, ಒಟವಾಲೊ ಊರಿನ ಸಂತೆಯಲ್ಲಿದ್ದೆವು. ಎಂಬತ್ತರ ದಶಕದ ಒಂದು ಸ್ಕೂಲು ರಜೆ. ಆಫೀಸಿನ ಕೆಲಸಕ್ಕೆ ಹೊರಟ ಅಪ್ಪ ನನ್ನನ್ನೂ ಅಮ್ಮನನ್ನೂ ಕರೆತಂದಿದ್ದರು. ಅಂದು ತಾತನ ತಿಥಿ. ಹತ್ತಿರದಲ್ಲೇ, ಆರಿದ ಜ್ವಾಲಾಮುಖಿಯ ಬಾಯಲ್ಲಿ ನಿಂತ ಸರೋವರದಲ್ಲಿ ತರ್ಪಣ ಬಿಡುವುದೆಂದು ತೀರ್ಮಾನವಾಗಿತ್ತು. ಒಂದು ವರ್ಷವೂ ತಪ್ಪಿಸದ ಅಪ್ಪ ಎಳ್ಳಿಲ್ಲದೆ ಕಂಗಾಲಾದರು.

ಅಮ್ಮನನ್ನು ಕಂಬಳಿ ಅಂಗಡಿಗಳಿಗೆ ಬಿಟ್ಟು ನಾವಿಬ್ಬರೂ ಕಾಳಿನ ಸಾಲಿಗೆ ಹೋದೆವು. ಎಳ್ಳಿಗೆ ಸ್ಪ್ಯಾನಿಶ್‌ನಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಅಪ್ಪ ಎರಡು ಬೆರಳು ಕೂಡಿಸಿ ಸಣ್ಣದು ಎಂದರು, ನನ್ನ ಕೂದಲು ಹಿಡಿದು ಕಪ್ಪು ಎಂದರು. ಕೊರಳ ತುಂಬ ಹೊಂಬಣ್ಣದ ಮಣಿಸರ ಹಾಕಿದ್ದ ಹೆಂಗಸು ಮರುಕದಿಂದ ನನ್ನ ತಲೆ ನೋಡಿ, ಹೇನಿಗೆಂದು ಒಂದು ಕಟ್ಟು ಸೊಪ್ಪು ಮುಂದಿಟ್ಟಳು.

ಪಕ್ಕದ ಚೀಲದಲ್ಲಿ ಸಣ್ಣ ಕಪ್ಪು ಕಾಳಿತ್ತು. ಎಳ್ಳಂತೂ ಅಲ್ಲ.

“ಇದು ನಡೆಯಲ್ಲ,” ಎಂದರು ಅಪ್ಪ.

ನನಗೆ ತರ್ಪಣದಲ್ಲಿ ನಂಬಿಕೆಯಿರಲಿಲ್ಲ. ಆದರೆ ಹೈಸ್ಕೂಲಿನ ಡಿಬೇಟ್ ತಂಡದಲ್ಲಿ ಯಾವ ಪಕ್ಷ ಸಿಕ್ಕರೂ ವಾದಿಸುವುದನ್ನು ಕಲಿಸಿದ್ದರು. ಸೋಲುವ ಪಕ್ಷವಾದರೆ ಇನ್ನೂ ಖುಷಿ.

“ಯಾಕೆ ನಡೆಯಲ್ಲ? ಗಣೇಶನ ಪೂಜೇಲಿ ಒಡವೆ ಇಲ್ಲ ಅಂದ್ರೆ ಅಕ್ಷತೆ ಹಾಕ್ತೀರ. ಆನೆ ಇಲ್ಲ, ಕುದುರೆ ಇಲ್ಲ, ಅದಕ್ಕೂ ಅಕ್ಷತೆ. ಅಕ್ಕಿಕಾಳು ಆನೆ ಆಗ್ಬಹುದು, ಇದು ಎಳ್ಳಾಗ್ಬಾರ್ದಾ? ಇದ್ರಲ್ಲಿ ಬಣ್ಣಾನಾದ್ರೂ ಮ್ಯಾಚ್ ಆಗತ್ತೆ.”

“ದೇವರು ಅಡ್ಜಸ್ಟ್ ಮಾಡ್ಕೋತಾನೆ ಕಣೇ. ನಮ್ಮಪ್ಪ ಮಾಡ್ಕೊಳಲ್ಲ.”

ಅಷ್ಟರಲ್ಲಿ ಹೊಸ ಕಂಬಳಿ ಹೊದ್ದು ಬಂದ ಅಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. “ಕಹಿ. ತಗೊಳ್ರೀ, ಒಳ್ಳೇದೇ ಆಯ್ತು. ಮಾವನವ್ರಿಗೆ ಸಕ್ಕರೆ ಕಾಯಿಲೆ ಇತ್ತಲ್ಲ.”

ಸರೋವರ ಕಡುನೀಲಿಯಾಗಿತ್ತು, ಗಾಳಿ ಕೊರೆಯುತ್ತಿತ್ತು. ದೋಣಿ ಹತ್ತುವ ಕಟ್ಟೆಯ ಮೇಲೆ, ಸ್ವೆಟರಿನ ಮೇಲೆ ಸ್ವೆಟರು ತೊಟ್ಟ ಪ್ರವಾಸಿಗಳ ನಡುವೆ, ಅಪ್ಪ ಶರ್ಟು ಬಿಚ್ಚಿ ಕೂತರು. ಹಲ್ಲು ಕಟಕಟಿಸುತ್ತ ಮೂರು ತಲೆಮಾರಿನ ಹೆಸರು ಹೇಳಿ ಕಾಳು, ನೀರು ಬಿಟ್ಟರು. ಕಾಳು ಮುಳುಗಲಿಲ್ಲ. ಕಟ್ಟೆಯ ಬುಡದಲ್ಲೇ ತೇಲುತ್ತ ನಿಂತಿತು.

“ನೋಡು, ತಗೋತಾ ಇಲ್ಲ,” ಎಂದರು ಅಪ್ಪ. ಮುಖ ಸಣ್ಣದಾಗಿತ್ತು.

“ಡಿಬೇಟಲ್ಲಿ ಒಂದು ರೂಲಿದೆ, ಅಪ್ಪ. ನಮ್ಮ ಪಾಯಿಂಟಿಗೆ ಎದುರಿನವರು ಉತ್ತರ ಕೊಡ್ಲಿಲ್ಲ ಅಂದ್ರೆ ಒಪ್ಕೊಂಡ ಹಾಗೆ. ತಾತ ಏನಾದ್ರೂ ಅಂದ್ರಾ?”

ಅಪ್ಪ ಚಳಿಯಲ್ಲಿ ನಡುಗುತ್ತಲೇ ನೀರನ್ನು ನೋಡುತ್ತ ಕೂತು ತಾತನಿಗೆ ಸಾಕಷ್ಟು ಸಮಯ ಕೊಟ್ಟರು. ಆಮೇಲೆ ಎದ್ದು ಶರ್ಟು ಹಾಕಿಕೊಂಡರು. ಗುಂಡಿ ಹಾಕುವಾಗಲೂ ಒಮ್ಮೆ ಹಿಂತಿರುಗಿ ನೋಡಿದರು.