ಕುಚ್ಚಲಕ್ಕಿಯ ಮೊದಲ ಅಗುಳು

ಮಗಳಿಗೆ ಮೊದಲ ಸಲ ಅನ್ನ ತಿನ್ನಿಸುವಾಗ ಹೆದರಿದಷ್ಟು ನಾನು ಹೆರಿಗೆಯ ಹೊತ್ತಿನಲ್ಲೂ ಹೆದರಿರಲಿಲ್ಲ. ನಾನು ನರ್ಸ್. ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಕೆಲಸ. ನೆಲಗಡಲೆ, ದ್ರಾಕ್ಷಿ, ಹಲಸಿನ ಬೀಜದ ಚೂರು, ಹೀಗೆ ಮಕ್ಕಳ ಗಂಟಲಲ್ಲಿ ಎಂತೆಂಥದೆಲ್ಲ ಸಿಕ್ಕಿಕೊಳ್ಳುತ್ತದೆ ಎಂಬುದು ಬೇರೆ ತಾಯಂದಿರಿಗೆ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತು. ನೀಲಿಯಾದ ಪುಟ್ಟ ತುಟಿಗಳನ್ನು ನೋಡಿದವಳಿಗೆ ಸಮಾಧಾನ ಎಲ್ಲಿಂದ ಬರಬೇಕು?

ಹಾಗಾಗಿ ಗಂಜಿ ಬೇಯಿಸಿದರೂ ಅದರ ತಿಳಿಯನ್ನಷ್ಟೇ ಕೊಡುತ್ತಿದ್ದೆ. ಅದನ್ನೂ ಚಹಾ ಸೋಸುವ ಜಾಲರಿಯಲ್ಲಿ ಸೋಸಿ! ಅತ್ತೆ ನೋಡಿ ನೋಡಿ ಸಾಕಾಗಿ, "ಎಂತ ಬಾಯೆ, ಇದು ಮಗುವಿಗಾ, ಸೀರೆಗೆ ಹಾಕ್ಲಿಕ್ಕಾ?" ಎಂದು ಕೇಳಿದರು.

ಮಗುವಿನ ತೂಕ ಏರದೆ ನಿಂತಾಗ ಡಾಕ್ಟರೂ ಗದರಿದರು. ಬೇರೆ ದಾರಿಯಿರಲಿಲ್ಲ. ಒಂದು ಭಾನುವಾರ ಚರ್ಚಿನಿಂದ ಬಂದವಳೇ, ಮಣ್ಣಗುಡ್ಡದ ನಮ್ಮ ಫ್ಲ್ಯಾಟಿನಲ್ಲಿ, ಕುಚ್ಚಲಕ್ಕಿ ಗಂಜಿಯನ್ನು ಬೆರಳಲ್ಲಿ ನುರಿದು ಮಗುವಿನ ಬಾಯಿಗಿಟ್ಟೆ. ಒಂದು ಅಗುಳು ನುರಿಯದೆ ಉಳಿದಿತ್ತೋ ಏನೋ. ಮಗು ಓಕರಿಸಿತು. ಮುಖ ಕೆಂಪಾಯಿತು, ಜೋರಾಗಿ ಅಳು ಶುರುವಾಯಿತು. ನನಗೆ ಕಂಡದ್ದು ನೀಲಿ ತುಟಿಯೇ. ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿದೆ.

"ಬಿಡು ಮಾರಾಯ್ತಿ! ಕೂಗ್ತಾ ಉಂಟಲ್ಲ, ಉಸಿರು ಕಟ್ಟಿದ ಮಗು ಹೀಗೆ ಕೂಗ್ತದಾ?" ಎಂದು ಅತ್ತೆ ಕಿರುಚಿದರು.

ಅಳುವ ಮಗುವಿನ ಬೆನ್ನಿಗೆ ಹಾಗೆ ಬಡಿಯಬಾರದು ಎಂದು ಹೊಸ ನರ್ಸುಗಳಿಗೆ ಹೇಳಿಕೊಡುವವಳು ನಾನೇ.

ಅಂದಿನಿಂದ ಮಗು ಬಾಯಿಯೇ ಬಿಡಲಿಲ್ಲ. ಗಂಜಿಗೂ ಇಲ್ಲ, ರಾಗಿ ಹಾಲು ಕಾಯಿಸಿ ಮಾಡಿದ ಮಣ್ಣಿಗೂ ಇಲ್ಲ. ಚಮಚ ಎತ್ತಿದರೆ ನನ್ನ ಮುಖ ನೋಡುವುದು, ತುಟಿ ಬಿಗಿಯುವುದು. ಅತ್ತೆ ಬಿಕರ್ನಕಟ್ಟೆಯ ಬಾಲಯೇಸುವಿಗೆ ಹರಕೆ ಹೊತ್ತರು. ಗಂಟಲಿನ ಭಯ ಹೋಗಿರಲಿಲ್ಲ, ಅದರ ಮೇಲೆ ಮಗು ಉಪವಾಸ ಬಿದ್ದು ಸೊರಗೀತು ಎಂಬ ಭಯ ಬೇರೆ.

ಕೊನೆಗೆ ಅತ್ತೆ ಮೆಲ್ಲನೆ ಹೇಳಿದರು: "ಬೇಜಾರು ಮಾಡ್ಬೇಡ. ಮಗು ಗಂಜಿಗೆ ಹೆದರುವುದಲ್ಲ, ನಿನ್ನ ಮುಖಕ್ಕೆ ಹೆದರುವುದು. ಆಚೆ ಮುಖ ಮಾಡಿ ಕೂರಿಸಿ ನೋಡು."

ಸಿಟ್ಟು ನೆತ್ತಿಗೇರಿತು. ತಟ್ಟೆ ಕುಕ್ಕಿ ಎದ್ದುಹೋದೆ. ಆದರೆ ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ, ಮಗುವನ್ನು ರಸ್ತೆಯ ಕಡೆ ಮುಖ ಮಾಡಿ ಮಡಿಲಲ್ಲಿ ಕೂರಿಸಿಕೊಂಡೆ. ಈಗ ತುಟಿಯ ಬಣ್ಣ ನನಗೆ ಕಾಣುವುದಿಲ್ಲ. ಎಡಗೈಯನ್ನು ಅದರ ಎದೆಯ ಮೇಲಿಟ್ಟು, ಬಲಗೈಯಲ್ಲಿ ಅಂದಾಜಿನ ಮೇಲೆ ಚಮಚ ಚಾಚಿದೆ. ಕೆಳಗೆ ಸಿಟಿ ಬಸ್ಸೊಂದು ಹಾರ್ನ್ ಹೊಡೆಯಿತು. ಮಗು ಅತ್ತ ನೋಡುತ್ತಾ ಬಾಯಿ ತೆರೆಯಿತು. ಅಂಗೈಯ ಕೆಳಗೆ ಪುಟ್ಟ ಎದೆ ಏರಿತು, ಇಳಿಯಿತು. ನುಂಗಿತ್ತು.

ಆಮೇಲೆ ಅದು ಕತ್ತು ತಿರುಗಿಸಿ ನನ್ನ ಮುಖವನ್ನೇ ನೋಡಿತು. ಅಯ್ಯೋ ದೇವರೇ! ಕ್ಯಾಶುವಲ್ಟಿಯ ಬಾಗಿಲಲ್ಲಿ ಅಳುತ್ತಾ ನಿಂತ ತಾಯಂದಿರ ಮುಂದೆ ನಾನು ತಂದುಕೊಳ್ಳುವ ಒಂದು ನಗುವಿದೆ, ಎಂತದೂ ಆಗುವುದಿಲ್ಲ ಎನ್ನುವ ನಗು. ಒಳಗೆ ಜೀವ ನಡುಗುತ್ತಿದ್ದರೂ ಅದನ್ನೇ ತಂದುಕೊಂಡೆ.

ಮಗು ನಂಬಿತು. ಮತ್ತೆ ಬಾಯಿ ತೆರೆಯಿತು.