ಬಲಗೈಗೆ ಚೆಲ್ಲಿದ ಅಯೋಡಿನ್

ಐವತ್ತರ ದಶಕದ ಕೊನೆಯಲ್ಲಿ ನಾನು ಬೊಂಬಾಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದೆ. ಕುತ್ತಿಗೆಯ ಗ್ರಂಥಿ ಊದಿಕೊಂಡವರಿಗೆ ವಿಕಿರಣ ಬೆರೆತ ಅಯೋಡಿನ್ ನೀರು ಕುಡಿಸುವುದು, ಮರುದಿನ ಅದು ಗ್ರಂಥಿಯಲ್ಲಿ ಎಷ್ಟು ಸೇರಿದೆಯೆಂದು ಯಂತ್ರ ಹಿಡಿದು ನೋಡುವುದು, ಹೀಗೊಂದು ಹೊಸ ಪರೀಕ್ಷೆ ಆಗಷ್ಟೇ ಬಂದಿತ್ತು. ಒಂದು ಮಧ್ಯಾಹ್ನ ಲೋಟ ಜಾರಿ ಆ ನೀರು ನನ್ನ ಬಲಗೈ ಮೇಲೆ ಚೆಲ್ಲಿತು. ಸೋಪು ಹಚ್ಚಿ ತೊಳೆದೆ. ಬೈಗುಳಕ್ಕೆ ಹೆದರಿ ಯಾರಿಗೂ ಹೇಳಲಿಲ್ಲ.

ಮರುದಿನ ಒಬ್ಬ ಹೆಂಗಸಿನ ಗದ್ದ ಎತ್ತಿ ಹಿಡಿದು ನಿಂತಿದ್ದೆ. ಯಂತ್ರ ಹುಚ್ಚು ಹಿಡಿದಂತೆ ಟಿಕಟಿಕ ಎಂದಿತು. ಡಾಕ್ಟರು ಅವಳ ಕಾಯಿಲೆ ಜೋರಾಗಿದೆಯೆಂದು ಬರೆಯತೊಡಗಿದರು. ನನಗೆ ಅನುಮಾನ ಬಂದು ಕೈ ಹಿಂದೆಗೆದೆ. ಸದ್ದು ತಗ್ಗಿತು. ಅಳುತ್ತಲೇ ಎಲ್ಲ ಹೇಳಿಬಿಟ್ಟೆ.

ಚರ್ಮ ಕೆಂಪಾಗುವವರೆಗೆ ಕೈ ಉಜ್ಜಿಸಿದರು. ವಿಕಿರಣ ತಾಗಿದರೆ ಕಪ್ಪಾಗುವ ಫಿಲ್ಮಿನ ಬಿಲ್ಲೆಯೊಂದು ನನ್ನ ಎದೆಯ ಮೇಲಿರುತ್ತಿತ್ತು. ಅದನ್ನು ಪರೀಕ್ಷೆಗೆ ಕಳಿಸಿದರು. ಇನ್ನು ಅಪಾಯವಿಲ್ಲ, ಫಲಿತಾಂಶ ಬರುವವರೆಗೆ ಊರಿಗೆ ಹೋಗು ಎಂದರು. ಅಪಾಯವಿಲ್ಲ ಎಂಬ ಮಾತನ್ನು ನಾನು ನಂಬಲಿಲ್ಲ.

ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿದೆ. ನಿಂತಿದ್ದ ಹೆಂಗಸೊಬ್ಬಳು, "ಅಕ್ಕಾರೆ, ಈ ಕೂಸನ್ನ ಒಂಚೂರು ಹಿಡ್ಕೊಳ್ರೀ" ಎಂದಳು.

ಕೈಯನ್ನು ಸೆರಗಿನೊಳಗೆ ಮುದುಡಿಕೊಂಡು, "ಬ್ಯಾಡ್ರೀ" ಎಂದೆ.

"ಯಾಕ್ರೀ, ನಾವು ಮುಟ್ಟಬಾರ್ದ ಜನವಾ?"

ಎದ್ದು ನನ್ನ ಸೀಟನ್ನೇ ಕೊಟ್ಟೆ. ಅವಳು ಕೂತಳು, ಆದರೆ ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ.

ನಮ್ಮೂರು ಹೊಸಬಾಳೆಯ ಮನೆಯಲ್ಲಿ ಅಕ್ಕನ ಬಾಣಂತನ ನಡೆದಿತ್ತು. ಮಗುವಿಗೆ ಇಪ್ಪತ್ತು ದಿನ. ನಾನು ಬಾಗಿಲಾಚೆಯೇ ಉಳಿದೆ, ಬೇರೆ ತಟ್ಟೆಯಲ್ಲಿ ಉಂಡೆ. ಮೂರನೆಯ ದಿನ ಅವ್ವ ತಡೆಯಲಾರದೆ ಕೇಳಿದಳು: "ಎಂಥದೇ ನಿಂದು? ಕೂಸಿನ ಹತ್ರಕ್ಕೂ ಬರದಿಲ್ಲ!"

"ನನ್ನ ಕೈಯಾಗೆ ವಿಷ ಐತೆ ಅವ್ವಾ."

ಅವ್ವ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಏನೂ ಕಾಣದಿಲ್ವಲ್ಲೇ."

ಕಾಣದೇ ಇರುವುದೇ ನನ್ನ ಹೆದರಿಕೆಯಾಗಿತ್ತು.

ಹನ್ನೆರಡನೆಯ ದಿನ ಡಾಕ್ಟರ ಕಾಗದ ಬಂತು. ಫಿಲ್ಮು ಹೆಚ್ಚು ಕಪ್ಪಾಗಿರಲಿಲ್ಲ. ಆಸ್ಪತ್ರೆಯ ಆ ಹೆಂಗಸನ್ನು ಮತ್ತೆ ಪರೀಕ್ಷಿಸಿದಾಗ ಗ್ರಂಥಿ ಸರಿಯಾಗಿಯೇ ಇತ್ತು. ಬೇಡದ ಔಷಧಿ ತಪ್ಪಿತು. ಕಾಗದವನ್ನು ಎರಡು ಸಲ ಓದಿ ಬಾಣಂತಿ ಕೋಣೆಗೆ ಹೋದೆ. ಕೂತೊಡನೆ ಅಕ್ಕ ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. ಎಡಗೈಯಲ್ಲಿ ಹಿಡಿದುಕೊಂಡೆ. ಬಲಗೈ ಮುಂದೆ ತರಲು ಬಹಳ ಹೊತ್ತು ಬೇಕಾಯಿತು.